ಭಾನುವಾರದ ತೂಕ

ಆನೇಮಹಲ್‌ನ ಹೆದ್ದಾರಿ ಬದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ರೊವೀನಾಗೆ ಗುರುವಾರ ಮಾತ್ರ ಬೇರೊಂದು ಕೆಲಸ. ಊಟ ಕಂಡರೆ ಹೆದರುವವರ ಮನೆಗೆ ಹೋಗಿ, ಅವರ ಎದುರು ಕುಳಿತು ತಾನೂ ಉಣ್ಣುವುದು. ಇದಕ್ಕೂ ತರಬೇತಿ ಉಂಟು, ಅದು ತನಗಾಗಿದೆ ಎಂದು ಸಾರಲು ಕೊರಳಿಗೊಂದು ಗುರುತಿನ ಚೀಟಿ ನೇತುಹಾಕಿಕೊಳ್ಳುತ್ತಿದ್ದಳು. ಅದನ್ನು ಈವರೆಗೆ ಕೈಗೆತ್ತಿಕೊಂಡು ನೋಡಿದವನು ಯಸಳೂರು ಬಸ್ಸಿನ ಕಂಡಕ್ಟರ್ ಒಬ್ಬನೇ. ಅವನೂ ಆಧಾರ್ ಕಾರ್ಡೆಂದು ತಿಳಿದು ನೋಡಿದ್ದ.

ತರಬೇತಿಗಿಂತ ದೊಡ್ಡ ಅರ್ಹತೆ ಅವಳ ಹತ್ತೊಂಬತ್ತನೇ ವರ್ಷದ್ದು. ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಗ ಊಟ ಬಿಟ್ಟಿದ್ದಳು. ಬಿಡುವುದು ಸುಲಭವಾಗಿತ್ತು, ಮತ್ತೆ ಹಿಡಿಯಲು ಕೈ ಬರಲಿಲ್ಲ. ತಾಯಿ ಮೊಡೆಸ್ಟಾ ಹರಕೆ ಹೊತ್ತರು, ನೆಂಟರು ಬುದ್ಧಿ ಹೇಳಿದರು. ಎರಡರಿಂದಲೂ ಆಗದ್ದು, ಆಸ್ಪತ್ರೆಯ ಪಕ್ಕದ ಮಂಚದ ಹೆಂಗಸೊಬ್ಬಳು ಎದುರು ಕುಳಿತು, ತಾನೂ ಅಳುತ್ತಲೇ ಗಂಜಿ ಕುಡಿದಾಗ ಶುರುವಾಯಿತು. ವಾಸಿಯಾದ ಮೇಲೆ ರೊವೀನಾ ತನ್ನ ತೂಕ ಎಷ್ಟೆಂದು ಇವತ್ತಿಗೂ ನೋಡಿಕೊಂಡಿಲ್ಲ.

ಹೊಂಗಡಹಳ್ಳದ ದೇವೇಂದ್ರನ ಮನೆಗೆ ಅವಳನ್ನು ಕಳಿಸಿದವರು ಹಾಸನದ ಡಾಕ್ಟರು. ಅವನ ಮಗಳು ಬಿಂದುಶ್ರೀಗೆ ಇಪ್ಪತ್ತು ವರ್ಷ, ಕಾಯಿಲೆ ಅದೇ. ಮನೆಯವರು ವಾರಕ್ಕೊಮ್ಮೆ ತೂಕ ನೋಡಿ ತಿಳಿಸಬೇಕು, ಇನ್ನು ಇಳಿದರೆ ಹೃದಯ ತಡೆಯುವುದಿಲ್ಲ, ಆಸ್ಪತ್ರೆಗೆ ಸೇರಿಸಲೇಬೇಕು ಎಂದು ಡಾಕ್ಟರು ಎಚ್ಚರಿಸಿದ್ದರು.

ದೇವೇಂದ್ರ ಬೆಳೆಗಾರರ ಸಂಘದ ಉಪಾಧ್ಯಕ್ಷ. ಅಧ್ಯಕ್ಷರು ಇನ್ನೂ ಬದುಕಿರುವುದನ್ನು ಒಂದು ತಾತ್ಕಾಲಿಕ ಅಡಚಣೆಯೆಂದು ಸಹಿಸಿಕೊಂಡಿದ್ದ. ಸಭೆಯಿಲ್ಲದೆ ಯಾವ ಕೆಲಸವೂ ಅವನಿಂದ ಆಗದು. ಹೀಗಾಗಿ ಪ್ರತಿ ಭಾನುವಾರ ಸಂಜೆ ತೋಟದ ಸ್ಟೋರಿನಲ್ಲಿ ಆಳುಗಳ ಕಾಫಿ ಹಣ್ಣಿನ ಮೂಟೆಗಳ ತೂಕ ಮುಗಿದ ಮೇಲೆ, ಎಲ್ಲರ ಮುಂದೆ ಅದೇ ಯಂತ್ರದ ಮೇಲೆ ಮಗಳನ್ನು ನಿಲ್ಲಿಸುತ್ತಿದ್ದ. ಲೆಕ್ಕ ಬರೆಯುವ ರೈಟರ್ ಸಿದ್ದಬಸಪ್ಪ ಯಂತ್ರದ ಕಂಬಿಯ ಮೇಲೆ ತೂಕದ ಗುಂಡು ಸರಿಸುತ್ತಿದ್ದ, ದೇವೇಂದ್ರ ಗಂಟಲು ಸರಿಮಾಡಿಕೊಂಡು ಅಂಕಿ ಘೋಷಿಸುತ್ತಿದ್ದ.

ರೊವೀನಾಗೆ ಆ ಮನೆಯಲ್ಲಿ ಸಿಕ್ಕ ಮರ್ಯಾದೆ ಮೊದಲ ಗುರುವಾರವೇ ಗೊತ್ತಾಯಿತು.

"ಟೈಲರಮ್ಮ, ಉಣ್ಣಕ್ಕೆ ಅಂತ ಇಷ್ಟು ದೂರ ಬರ್ತೀಯಲ್ಲ, ನಿಮ್ಮನೇಲಿ ಒಲೆ ಹಚ್ಚಲ್ವಾ?" ಎಂದು ಹುಡುಗಿಯ ತಾಯಿ ಸರೋಜಮ್ಮ ತಟ್ಟೆಯನ್ನು ಸದ್ದಾಗುವಂತೆ ಇಟ್ಟಳು.

"ಹಾಕಮ್ಮ, ಇನ್ನೊಂದ್ ಕಡುಬು ಹಾಕು," ಎಂದಳು ಬಿಂದುಶ್ರೀ. "ತಿಂದು ತೋರ್ಸಕ್ಕೆ ಬಂದಿರೋದು. ಪೂರ್ತಿ ತೋರ್ಸ್ಲಿ."

ರೊವೀನಾ ಉಂಡಳು. ಹುಡುಗಿ ಅವಳನ್ನೂ ಅವಳ ಕುರ್ತಾವನ್ನೂ ಅವಳ ದೇವರನ್ನೂ ಆಡಿಕೊಳ್ಳುತ್ತಾ, ಅರಿವಿಲ್ಲದೆ ಅರ್ಧ ಕಡುಬು ತಿಂದಳು. ತಾನು ಹುಡುಗಿಯ ಮನಸ್ಸು ಗೆದ್ದೆನೆಂದು ರೊವೀನಾ ಬಸ್ಸಿನಲ್ಲಿ ಚೀಟಿಯನ್ನು ಎದೆಯ ಮೇಲೆ ನೇರ ಮಾಡಿಕೊಂಡಳು. ಮುಂದಿನ ವಾರ ಕಾಲು ಕಡುಬಾಯಿತು. ನಾಲ್ಕನೇ ವಾರ ತಟ್ಟೆಯೇ ಗೋಡೆಗೆ ಹೋಯಿತು.

"ನಿಮ್ಮಿಂದಾಗಿ ಮೂರು ಕೆಜಿ ಜಾಸ್ತಿ ಆಗಿದೀನಿ!" ಹುಡುಗಿ ಕೂಗಿದಳು. "ಏನೂ ತಿನ್ನದೇ ಮೂರು ಕೆಜಿ! ತಿಂದಿದ್ರೆ ಏನಾಗ್ತಿದ್ದೆ? ಇವತ್ತಿಂದ ನೀರೂ ಮುಟ್ಟಲ್ಲ. ಹೋಗ್ರೀ ಆಚೆ!"

ರೊವೀನಾ ಹುಡುಗಿಯ ಮುಖ ನೋಡಲಿಲ್ಲ, ಚೂಡಿದಾರ ನೋಡಿದಳು. ಮೊದಲ ವಾರ ತಾನೇ ಅಳತೆ ತೆಗೆದು ಹೊಲಿದು ಕೊಟ್ಟದ್ದು. ಈಗ ಸೊಂಟದಲ್ಲಿ ಎರಡು ಹಿಡಿ ಬಟ್ಟೆ ಸಡಿಲ ನಿಂತಿತ್ತು. ಮೈ ಕರಗುತ್ತಿದೆ, ತೂಕ ಏರುತ್ತಿದೆ. ಸುಳ್ಳು ಹೇಳುತ್ತಿರುವುದು ಸ್ಟೋರಿನ ಯಂತ್ರ, ಆ ಸುಳ್ಳನ್ನು ನಂಬಿ ಹುಡುಗಿ ಇದ್ದ ತುತ್ತನ್ನೂ ಬಿಡುತ್ತಿದ್ದಾಳೆ.

ಡಾಕ್ಟರಿಗೆ ಫೋನು ಮಾಡಿದಳು. ಈಗಲೇ ಕರೆತನ್ನಿ ಎಂದರು. ಕರೆತರಬೇಕಾದವನಿಗೂ ಮಾಡಿದಳು.

"ತೂಕದ್ ವಿಷ್ಯ ನಂಗೆ ಹೇಳ್ಕೊಡ್ತೀಯ?" ಎಂದ ದೇವೇಂದ್ರ. "ಮೂವತ್ತು ವರ್ಷ ಕಾಫಿ ತೂಗಿದೀನಿ ಕಣಮ್ಮ. ಮಗಳು ಹುಷಾರಾಗ್ಬುಟ್ಟವ್ಳೆ. ಇನ್ಮೇಲೆ ನೀನು ಬರೋದು ಬ್ಯಾಡ."

ಅದಕ್ಕೇ ರೊವೀನಾ ಭಾನುವಾರ ಚರ್ಚಿನ ಪೂಜೆ ಮುಗಿಸಿ, ಸಂಜೆಗೆ ಕರೆಯದ ಮನೆಗೆ ಹೋದಳು.

ಸ್ಟೋರಿನಲ್ಲಿ ಹಣ್ಣಿನ ತೂಕ ಮುಗಿದಿತ್ತು. ಬಿಂದುಶ್ರೀ ಆಗಷ್ಟೇ ಯಂತ್ರದಿಂದ ಇಳಿದು ಕಂಬ ಹಿಡಿದುಕೊಂಡಿದ್ದಳು. ಇವತ್ತಿನ ಘೋಷಣೆಯಲ್ಲಿ ಮತ್ತರ್ಧ ಕೆಜಿ ಏರಿತ್ತು.

"ಗೌಡ್ರೆ, ಅದರ ಮೇಲೆ ನೀವೊಂದ್ಸಲ ನಿಂತ್ಕೊಳ್ಳಿ," ಎಂದಳು ರೊವೀನಾ.

"ಯಾರು ಇವಳನ್ನ ಒಳಗೆ ಬಿಟ್ಟೋರು?" ಎಂದು ಸರೋಜಮ್ಮ ಅಡ್ಡ ಬಂದಳು. "ಮೊದ್ಲು ನೀನು ಹತ್ತು, ನೋಡಾಣ! ಮಂದಿಗೆ ಉಣ್ಣಕ್ಕೆ ಕಲ್ಸೋಳು ನೀನೆಷ್ಟು ತೂಗ್ತೀಯ?"

"ನಾನು ಹತ್ತಲ್ಲ."

"ನೋಡ್ರೋ, ಹೆದರ್ಕತಾಳೆ!"

"ಹೌದು, ಹೆದರ್ತೀನಿ."

ಆಳುಗಳು ಗೊಳ್ಳೆಂದರು. ಆ ನಗುವಿನ ಹುರುಪಿನಲ್ಲಿ ದೇವೇಂದ್ರ, ಹೆದರದ ಗಂಡಸು ಹೇಗಿರುತ್ತಾನೆಂದು ತೋರಿಸಲು ಚಪ್ಪಲಿ ಬಿಟ್ಟು ಹತ್ತಿಯೇಬಿಟ್ಟ. ಸಂಘದ ಆರೋಗ್ಯ ಶಿಬಿರದಲ್ಲಿ ಅಳೆದ ಎಂಬತ್ತೊಂದು ಕೆಜಿಯ ಬಗ್ಗೆ ಅವನು ಮೂರು ಭಾಷಣಗಳಲ್ಲಿ ಪ್ರಸ್ತಾಪಿಸಿದ್ದ. ಸಿದ್ದಬಸಪ್ಪ ಗುಂಡನ್ನು ಎಂಬತ್ತೊಂದಕ್ಕೆ ತಂದ. ಕಂಬಿ ಕದಲಲಿಲ್ಲ. ಎಂಬತ್ತೆಂಟು ದಾಟಿ ಅರ್ಧ ಹೋದ ಮೇಲೆ ಮೆಲ್ಲಗೆ ಬಾಗಿತು.

"ಯಂತ್ರ ಕೆಟ್ಟೈತೆ!" ದೇವೇಂದ್ರ ಕೂಗಿದ.

"ಮಗಳು ನಿಂತಾಗ ಸರಿ ಇತ್ತಾ ಗೌಡ್ರೆ?"

ಮೂಟೆಯ ಮೇಲೆ ಕುಳಿತಿದ್ದ ಕೊಯ್ಲಿನ ಆಳು ಶಿವಲೀಲಾ ಎದ್ದು ನಿಂತಳು. "ಅಲ್ರೀ ರೈಟ್ರೆ, ನಮ್ ಹಣ್ಣು ತೂಗುವಾಗ ಒಂದ್ ದಿನಾನೂ ಹಿಂಗೆ ಜಾಸ್ತಿ ಬರ್ಲಿಲ್ವಲ್ಲ? ಅದ್ಯಾವ ಮಾಯ ಮಾರಾಯ?"

ಸಿದ್ದಬಸಪ್ಪ ಹೆಂಗಸರನ್ನೂ ಯಜಮಾನನನ್ನೂ ನೋಡಿ, ಯಾವ ಕಡೆ ಪೆಟ್ಟು ಕಡಿಮೆ ಎಂದು ಲೆಕ್ಕ ಹಾಕಿದ. "ಅಮ್ಮಾವ್ರು ಹೇಳಿದ್ರು ಸಾರ್. ಪಾಪು ಹತ್ತೋ ಹೊತ್ಗೆ ತಿರುಪು ಒಂಚೂರು ತಿರುಗ್ಸು ಅಂತ. ಆಮೇಲೆ ಸರಿ ಮಾಡ್ಬುಡ್ತಿದ್ದೆ."

"ಹೌದು, ಹೇಳ್ದೆ!" ಸರೋಜಮ್ಮನ ಕೋಪ ರೊವೀನಾ ಕಡೆಗೇ ತಿರುಗಿತು. "ಹುಚ್ಚಾಸ್ಪತ್ರೇಲಿ ಮಲಗ್ಸಿದ್ರೆ ಊರೋರ್ ಬಾಯಿ ಯಾರು ಮುಚ್ಚಿಸ್ತಾರೆ? ನೀನು ಹೊಲಿತೀಯ?"

ರೊವೀನಾಳ ತರಬೇತಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.

ದೇವೇಂದ್ರ ತಾನೇ ತಿರುಪನ್ನು ಸರಿ ಮಾಡಿ ಮಗಳನ್ನು ಮತ್ತೆ ನಿಲ್ಲಿಸಿದ. ಗುಂಡು ಸರಿಸಿದ. ಮತ್ತೆ ಹಿಂದಕ್ಕೆ ಸರಿಸಿದ. ಇನ್ನೂ ಹಿಂದಕ್ಕೆ. ಆಳುಗಳೆಲ್ಲ ಘೋಷಣೆಗೆ ಕಾದರು. ಅವನ ಬಾಯಿಂದ ಅಂಕಿ ಹೊರಡಲಿಲ್ಲ.

ಆದರೆ ಬಿಂದುಶ್ರೀ ಕಂಬಿ ನೋಡಿದ್ದಳು. ಅವಳ ತುಟಿಯಲ್ಲಿ ಸಣ್ಣಗೆ ಗೆದ್ದ ನಗು ಮೂಡಿತು. ಆ ನಗುವನ್ನು ಸ್ಟೋರಿನಲ್ಲಿದ್ದವರ ಪೈಕಿ ರೊವೀನಾ ಒಬ್ಬಳೇ ಬಲ್ಲಳು. ಒಂದು ಕಾಲದಲ್ಲಿ ತಾನೂ ಹಾಗೇ ನಕ್ಕಿದ್ದಳು, ನಕ್ಕ ಮೂರನೇ ದಿನ ಹಾಸ್ಟೆಲಿನ ಮೆಟ್ಟಿಲ ಮೇಲೆ ಬಿದ್ದಿದ್ದಳು.

"ಗೌಡ್ರೆ, ನಾಳೆ ಅನ್ಬೇಡಿ. ಈಗ್ಲೇ ಜೀಪು ತೆಗೀರಿ."

ನಗು ಆರಿತು. "ನಿನ್ನನ್ನ ಯಾರು ಕೇಳಿದ್ರು?" ಹುಡುಗಿ ಕಿರುಚಿದಳು. "ಬಾಯ್ ಮುಚ್ಕೊಂಡ್ ಇರಕ್ಕಾಗ್ತಿರ್ಲಿಲ್ವಾ? ಚಾಡಿಕೋರಿ!"

ಜೀಪು ಬಂತು. ಯಾವ ಭಾಷಣವೂ ಇಲ್ಲದೆ ದೇವೇಂದ್ರ ಮಗಳನ್ನು ಎತ್ತಿ ಹಿಂದೆ ಕೂರಿಸಿದ. ಸರೋಜಮ್ಮ ಮುಂದಿನ ಸೀಟಿಗೆ ಹತ್ತಿ, ರೊವೀನಾ ಮುಖಕ್ಕೆ ಬಡಿಯುವಂತೆ ಬಾಗಿಲು ಹಾಕಿಕೊಂಡಳು. "ನೀನು ಬಸ್ಸಿಗೆ ಹೋಗು. ಇನ್ನು ಈ ಕಡೆ ತಲೆ ಹಾಕ್ಬೇಡ."

ರೊವೀನಾ ಚೀಟಿಯನ್ನು ಕೊರಳಿಂದ ತೆಗೆದು ಚೀಲಕ್ಕೆ ಹಾಕಿ ರಸ್ತೆಗೆ ತಿರುಗಿದಳು. ಜೀಪು ಹತ್ತು ಮಾರು ಹೋಗಿ ನಿಂತಿತು. ಹಿಂದಿನಿಂದ ಬಿಂದುಶ್ರೀಯ ದನಿ:

"ಆ ಹೆಂಗ್ಸನ್ನೂ ಹತ್ತುಸ್ಕೊಳ್ಳಿ ಅಪ್ಪ."

"ಅವಳ್ಯಾಕೆ?" ಎಂದ ದೇವೇಂದ್ರ.

"ಬೈಯಕ್ಕೆ ಯಾರಾದ್ರೂ ಬೇಕಲ್ಲ. ನಿಮ್ಮನ್ನ ಬೈದ್ರೆ ಅಳ್ತೀರ."

ರೊವೀನಾ ಹಿಂದೆ ಹತ್ತಿ ಎದುರು ಕುಳಿತಳು. ಹುಡುಗಿ ಬೈಯತೊಡಗಿದಳು. ಸಕಲೇಶಪುರ ದಾಟಿದರೂ ಬೈದಳು, ಬಾಳ್ಳುಪೇಟೆಯಲ್ಲಿ ಉಸಿರು ಸಾಲದೆ ನಿಲ್ಲಿಸಿದಳು, ಆಲೂರಿನ ಹತ್ತಿರ ಮತ್ತೆ ಶುರು ಮಾಡಿದಳು. ನಡುವೆ ದನಿ ಸಣ್ಣದಾಗಿ ಕಣ್ಣು ಮುಚ್ಚಿಹೋಗುವಂತಾದಾಗ ರೊವೀನಾ ಮೊಣಕಾಲು ತಟ್ಟಿ ಕೇಳುತ್ತಿದ್ದಳು:

"ಆಮೇಲೆ? ಚಾಡಿಕೋರಿ ಆಯ್ತು. ಇನ್ನೇನು?"