ಹೊಸ ಕರ್ನಲ್, ಹಳೆಯ ಅಂಚು

ಗದ್ವಾಲಿನ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು ನಾನು ಸೀರೆಯ ಅಂಚುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತೇನೆ, ಆಮೇಲೆ ಮಗ್ಗಕ್ಕೆ ಆ ಚಿತ್ತಾರ ತಿಳಿಸುವ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದುಕೊಡುತ್ತೇನೆ. ಹುಟ್ಟಿದ್ದು ಮಕ್ತಲಿನಲ್ಲಿ, ಕೆಲಸ ಕಲಿತದ್ದು ನಾರಾಯಣಪೇಟೆಯಲ್ಲಿ. ಮಗ್ಗದ ಮನೆಯವಳೇ. ಸಿಟ್ಟು ಮಾತ್ರ ಸದಾ ಮೂಗಿನ ತುದಿಯಲ್ಲಿ.

ತೂತು ಹೊಡೆಯುವ ಯಂತ್ರ ಹಳೆಯದು. ನನ್ನ ಲಿನಕ್ಸ್ ಕಂಪ್ಯೂಟರ್ ಅದನ್ನು ಗುರುತಿಸುವುದನ್ನೇ ಬಿಟ್ಟಿತ್ತು. ಅದಕ್ಕೆಂದು, ಎಲ್ಲವನ್ನೂ ಒಳಗಿನಿಂದ ನಡೆಸುವ ಕರ್ನಲ್ ಎಂಬ ಮೂಲ ತಂತ್ರಾಂಶವನ್ನು ನಾನೇ ಹೊಸದಾಗಿ ಕಂಪೈಲ್ ಮಾಡಿ ಕಟ್ಟಿಕೊಂಡೆ. ಕೊನೆಯಲ್ಲಿ ಜಾಗ ಸಾಲದು ಎಂಬ ಸಾಲೊಂದು ಬಂತು. ಪೂರ್ತಿ ಓದುವ ತಾಳ್ಮೆ ಯಾರಿಗಿದೆ? ಹಳೆಯ ಕರ್ನಲನ್ನು ಅಳಿಸಿ ಜಾಗ ಮಾಡಿದೆ, ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬಿದ್ದು ಎಲ್ಲ ನಿಂತುಹೋಯಿತು. ಡಿಸ್ಕೇ ಸಿಗುತ್ತಿಲ್ಲವಂತೆ.

ಪಟ್ಟಿ ಒಯ್ಯಲು ಬಂದಿದ್ದ ನೇಕಾರ ಅಕ್ಕ ಬಾಗಿಲ ಬಳಿ ಕುಳಿತಿದ್ದರು. ಅವರ ತಾಯಿ ನೇಯ್ದ ಸೀರೆಯೊಂದರ ಅಂಚನ್ನು ನಾನು ಎಳೆ ಎಳೆ ಎಣಿಸಿ ಬಿಡಿಸಿದ್ದೆ. ತಾಯಿ ತೀರಿಕೊಂಡಾಗ ಅದೇ ಸೀರೆ ಉಡಿಸಿ ಕಳಿಸಿದ್ದರು. ಇನ್ನು ಆ ಅಂಚು ಇದ್ದದ್ದು ನನ್ನ ಡಿಸ್ಕಿನಲ್ಲಿ ಮಾತ್ರ. ಇನ್ನೊಂದು ಪ್ರತಿ ಇಡುವುದನ್ನು ಇವತ್ತು ನಾಳೆ ಎಂದು ಮುಂದೂಡಿದ್ದೆ.

ಮಧ್ಯಾಹ್ನವೆಲ್ಲ ಹೆಣಗಿದರೂ ಕಂಪ್ಯೂಟರ್ ಏಳಲಿಲ್ಲ. ಲಿನಕ್ಸ್ ಇದ್ದ ಪೆನ್ ಡ್ರೈವ್ ಚುಚ್ಚಿದೆ. ಸಿಟ್ಟಿಗೆ ಅಂಚಿನ ನೆನಪೂ ಹಾರಿಹೋಗಿತ್ತು. ಹಳೆಯದನ್ನೆಲ್ಲ ಅಳಿಸಿ ಹೊಸದಾಗಿಯೇ ಹಾಕುತ್ತೇನೆ ಎಂದು ಅಕ್ಕನಿಗೆ ಹೇಳಿ ಬಟನ್ನಿಗೆ ಬೆರಳು ಒಯ್ದೆ.

"ಹೊಸ ಹಾಸು ಏರಿಸೋ ಮುಂದ ಹಳೇ ತುದಿ ಕಡದು ಒಗಿತಾರೇನ್ ತಂಗಿ?" ಎಂದರು ಅಕ್ಕ. "ಅದಕ್ಕ ಹೊಸೀತೀವಲ್ಲ."

ಬೆರಳು ಅಲ್ಲೇ ನಿಂತಿತು. ಸೀರೆ ಮುಗಿದರೂ ನಮ್ಮವರು ಹಾಸಿನ ಉದ್ದನೆಯ ಎಳೆಗಳ ತುದಿಯನ್ನು ಮಗ್ಗದಿಂದ ಕೀಳುವುದಿಲ್ಲ. ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆದು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ನಾನೂ ಹೊಸೆದಿದ್ದೇನೆ. ಅಂಥವಳು ಹೊಸ ಕರ್ನಲ್ ಏಳುತ್ತದೋ ಇಲ್ಲವೋ ನೋಡುವ ಮೊದಲೇ ಹಳೆಯದನ್ನು ಕಿತ್ತೊಗೆದಿದ್ದೆ, ಈಗ ಉಳಿದದ್ದನ್ನೂ ಒರೆಸಲು ಹೊರಟಿದ್ದೆ. ನಾಚಿಕೆಯಾಯಿತು.

ಅಳಿಸುವುದನ್ನು ಬಿಟ್ಟು, ಪೆನ್ ಡ್ರೈವಿನಿಂದಲೇ ಕಂಪ್ಯೂಟರನ್ನು ಎಬ್ಬಿಸಿ ಡಿಸ್ಕ್ ತೆರೆದೆ. ಎಲ್ಲ ಇದ್ದಲ್ಲೇ ಇತ್ತು. ಕರ್ನಲ್ ಏಳುವಾಗ ಅದಕ್ಕೆ ಡಿಸ್ಕಿನ ದಾರಿ ತೋರಿಸುವ ಒಂದು ಸಣ್ಣ ಕಡತವಿರುತ್ತದೆ. ಜಾಗ ಸಾಲದೆ ಅದೇ ಅರ್ಧಕ್ಕೆ ನಿಂತಿತ್ತು. ನಾನು ಓದದೆ ಬಿಟ್ಟ ಸಾಲು ಹೇಳಿದ್ದೂ ಅದನ್ನೇ. ಈಗ ಜಾಗವಿತ್ತು. ಕಡತವನ್ನು ಮತ್ತೆ ಕಟ್ಟಿ, ಕಂಪ್ಯೂಟರ್ ಹಚ್ಚಿದೆ. ಎದ್ದಿತು. ಯಂತ್ರವನ್ನೂ ಗುರುತಿಸಿತು.

ಅಂದಿನಿಂದ ಹಳೆಯ ಕರ್ನಲ್ ಒಂದನ್ನು ಉಳಿಸಿಕೊಳ್ಳದೆ ನಾನು ಹೊಸದಕ್ಕೆ ಕೈ ಹಾಕಿಲ್ಲ. ಅಂಚಿನ ಪ್ರತಿಗಳು ಮೂರು ಕಡೆ ಇವೆ. ಕಂಪ್ಯೂಟರ್ ಮುಟ್ಟಿಯೂ ನೋಡದ ಅಕ್ಕ ನನಗೆ ಕಲಿಸಿದ್ದು ಇದು. ಅವರ ಋಣ ದೊಡ್ಡದು.

ಆ ದಿನ ಪಟ್ಟಿ ಹೊಡೆಯುವ ಮೊದಲು ಅಂಚನ್ನು ಪರದೆಯ ಮೇಲೆ ತೆರೆದು ತೋರಿಸಿದೆ. ಒಂದು ಹೂವಿಗೆ ಎಸಳು ಒಂದು ಕಡಿಮೆ ಇತ್ತು. ಎಣಿಸುವಾಗ ನಾನೇ ತಪ್ಪಿದೆನೇನೋ, ತಿದ್ದಲೇ ಎಂದು ಕೇಳಿದೆ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಪರದೆಯ ಹತ್ತಿರ ಬಗ್ಗಿದರು.

"ತಪ್ಪು ನಿಂದಲ್ಲ ತಂಗಿ, ಅವ್ವಂದು," ಎಂದರು. "ಇರಲಿ ಬಿಡು."