ಪಕ್ಕದ ರೂಮಿಗೆ ಕೇಳಿಸಿದ ಮಾತು

ಕಂಟ್ರಾಕ್ಟರ್ ರುದ್ರೇಶಣ್ಣ ಹೊಸ ರೂಮಿನ ಬಾಗಿಲು ಹಾಕಿಕೊಂಡು "ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ" ಎಂದು ಕೂಗಿದರು. ಪಕ್ಕದ ರೂಮಿನಲ್ಲಿದ್ದ ನನಗೆ ಕೇಳಿಸಿತು. ಹೊಸಕೆರೆಹಳ್ಳಿಯವರಿಗೂ ಕೇಳಿಸಿರಬಹುದು.

ನಮ್ಮದು ಕೌನ್ಸೆಲಿಂಗ್ ನಡೆಸುವ ಸಣ್ಣ ಸಂಸ್ಥೆ. ಬನಶಂಕರಿಯಲ್ಲಿ ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಅದರ ದೊಡ್ಡ ಹಾಲ್ ಅನ್ನು ರೂಮುಗಳಾಗಿ ಮಾಡಿಸುತ್ತಿದ್ದೆವು. ಉಸ್ತುವಾರಿ ನನ್ನ ತಲೆಗೆ ಬಂತು. ನನ್ನ ಅರ್ಹತೆ ಇಷ್ಟೇ, ಒಮ್ಮೆ ಸ್ವಂತ ಮನೆಗೆ ಪೇಂಟ್ ಮಾಡಿಸಿದ್ದೆ.

ಬಣ್ಣ, ಟೈಲ್ಸ್ ಹೇಗಾದರೂ ಇರಲಿ... ಒಳಗೆ ಆಡಿದ ಮಾತು ಹೊರಗೆ ಬರಬಾರದು. ಬಂದರೆ ಜನ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಅದಕ್ಕೇ ಈ ಪರೀಕ್ಷೆ.

"ಹಂಗೆ ಕೂಗಿದ್ರೆ ಲೆಕ್ಕಕ್ಕಿಲ್ಲ ಅಣ್ಣ. ಮೆತ್ತಗೆ ಮಾತಾಡಿ," ಎಂದೆ.

ಒಬ್ಬರೇ ಕುಳಿತು ಏನು ಮಾತಾಡುವುದೆಂದು ಅವರಿಗೆ ತೋಚಲಿಲ್ಲ. ಹಾಗಾಗಿ ನಮ್ಮ ಕೌನ್ಸೆಲರ್ ವಿದ್ಯಾ ಮೇಡಂ ಒಳಗೆ ಹೋಗಿ ಎದುರಿಗೆ ಕುಳಿತು "ಹೇಗಿದೀರ?" ಎಂದು ಕೇಳಿದರು. ಅದು ಅವರ ಕೆಲಸ. ಕೇಳುವ ರೀತಿಯಲ್ಲಿ ಕೇಳುತ್ತಾರೆ.

ರುದ್ರೇಶಣ್ಣ ಮೊದಲು ಮರಳಿನ ಕಷ್ಟ ಹೇಳಿದರು, ಆಮೇಲೆ ಟ್ರಾಫಿಕ್ಕು. ಆಮೇಲೆ ದನಿ ಇಳಿಯಿತು. ತಾವು ಹಾಕಿಸಿದ ಗೋಡೆಯನ್ನು ಪೂರ್ತಿ ನಂಬಿದ್ದವರು ಅವರೊಬ್ಬರೇ.

"ಉತ್ತರಹಳ್ಳಿ ಸೈಟಲ್ಲಿ ನಿಂತು ಕೆಲಸ ಮಾಡೋ ಸಾರ್ವೆ ಮುರಿದು ನಮ್ಮ ಹುಡುಗ ಒಬ್ಬ ಮೇಲಿಂದ ಬಿದ್ದ ಮೇಡಂ. ಉಳ್ಕೊಂಡ, ಓಡಾಡ್ತಾನೆ ಈಗ. ನಂಗೇ ಆವತ್ತಿಂದ ಏಣಿ ಕಂಡ್ರೆ ಕೈಕಾಲು ನಡುಗುತ್ತೆ. ಕೆಲಸದವ್ರಿಗೆ ಮಂಡಿನೋವು ಅಂದಿದೀನಿ. ಮನೇಲೂ ಹೇಳಿಲ್ಲ."

ಆ ಮಂಡಿನೋವಿಗೆ ಎಣ್ಣೆ ತಂದುಕೊಟ್ಟವನು ನಾನು.

ಅಲ್ಲಿಂದ ಎದ್ದು ಹೋಗಬೇಕಿತ್ತು. ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಮುಖ ಒರೆಸಿಕೊಂಡು ಹೊರಗೆ ಬಂದು ಕೇಳಿದರು, "ಹೆಂಗೆ ಸಾರ್, ಏನಾದ್ರೂ ಕೇಳಿಸ್ತಾ?"

ಬಾಯಲ್ಲಿ ಬಿಸಿ ತುಪ್ಪ. ಇಲ್ಲ ಎಂದರೆ ಅವರ ಮಾನ ಉಳಿಯುತ್ತದೆ, ಆದರೆ ನಾಳೆ ಇಲ್ಲಿ ಕುಳಿತು ಅಳುವವರ ಮಾತನ್ನೆಲ್ಲ ಪಕ್ಕದ ರೂಮಿನವರು ಕೇಳುತ್ತಾರೆ.

"ಕೇಳಿಸ್ತು ಅಣ್ಣ."

"ಎಷ್ಟು?"

"ಎಲ್ಲಾ."

ನೆಲ ನೋಡಿದರು. ನನಗೆ ಬಹಳ ಸಂಕಟವಾಯಿತು. ಆಮೇಲೆ ತಲೆ ಎತ್ತಿ ಸೀಲಿಂಗ್ ನೋಡಿದರು.

"ಪಾರ್ಟಿಷನ್ನ ಫಾಲ್ಸ್ ಸೀಲಿಂಗ್‌ಗೇ ನಿಲ್ಲಿಸ್ಬಿಟ್ವಿ ಸಾರ್. ಅದರ ಮೇಲೆ ಸಂದು ಹಂಗೇ ಇದೆ, ಅಲ್ಲಿಂದ ದಾಟ್ಕೊಂಡು ಬರ್ತಿದೆ. ಬಿಚ್ಚೋಣ."

ಬಿಚ್ಚಿದರು. ಗೋಡೆಯನ್ನು ನಿಜವಾದ ಸೂರಿನವರೆಗೂ ಏರಿಸಿ, ಸಂದಿಗೆಲ್ಲ ಸದ್ದು ತಡೆಯುವ ರಾಕ್‌ವೂಲ್ ತುಂಬಿಸಿದರು. ಕೆಲಸದವರು ಮೇಲೆ, ಇವರು ಕೆಳಗೆ ಏಣಿ ಹಿಡಿದುಕೊಂಡು. ಇನ್ನೂ ಎಣ್ಣೆ ಬೇಕೇ ಎಂದು ನಾನು ಕೇಳಲಿಲ್ಲ.

ಮತ್ತೆ ಪರೀಕ್ಷೆ. "ನಾನೇ ಹೋಗ್ತೀನಿ ಸಾರ್," ಎಂದು ರುದ್ರೇಶಣ್ಣ ವಿದ್ಯಾ ಮೇಡಂ ಜೊತೆ ಒಳಗೆ ಹೋದರು.

ನಾನು ಪಕ್ಕದ ರೂಮಿನಲ್ಲಿ ನಿಂತಿದ್ದೇನೆ. ಏನೂ ಇಲ್ಲ. ಕಿವಿ ಗೋಡೆಗೆ ಹಚ್ಚುತ್ತೇನೆ... ಬೀದಿಯ ತರಕಾರಿ ಗಾಡಿಯವನ ಕೂಗು ಕೇಳಿಸುತ್ತದೆ, ಒಳಗಿನವರ ಮಾತು ಇಲ್ಲ.

ಬಾಗಿಲು ತಟ್ಟಿ "ಪಾಸ್" ಎನ್ನಬೇಕು. ತಟ್ಟುವುದಿಲ್ಲ. ಅವರಿಗೆ ತರಿಸಿದ ಕಾಫಿ ಆರಿ ತಣ್ಣಗಾಗುತ್ತದೆ. ಯಜಮಾನ್ರು ಎಲ್ಲಿ ಎಂದ ಪೇಂಟರ್‌ಗೆ "ಟೆಸ್ಟಿಂಗ್ ನಡೀತಿದೆ" ಎನ್ನುತ್ತೇನೆ.

ಅವರನ್ನು ಕೇಳಿಯೇ ಇದನ್ನು ಬರೆದಿದ್ದೇನೆ. "ಬರೀರಿ ಸಾರ್, ನನ್ನಂಥ ಮಂಡಿನೋವಿನೋರು ಇನ್ನೂ ಎಷ್ಟೋ ಜನ ಇರ್ತಾರೆ," ಎಂದರು. ಹೆಸರು ಬದಲಿಸಿದ್ದೇನೆ.

ಎರಡನೇ ಸಲ ಒಳಗೆ ಅಷ್ಟು ಹೊತ್ತು ಏನು ಮಾತಾಡಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.