ಪಾಲಿಶ್ ಅಕ್ಕನ ಕೈಗೆ ಬಂದ ಹಡಗಿನ ನಾಣ್ಯ

ಬಾಗಿಲ ಹಿಡಿಕೆ, ಚಿಲಕಗಳಿಗೆ ಹೊಳಪು ಕೊಡುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವಳನ್ನು ಎಲ್ಲರೂ ಪಾಲಿಶ್ ಅಕ್ಕ ಎನ್ನುತ್ತಿದ್ದರು. ಗಿರ್ರನೆ ತಿರುಗುವ ಬಟ್ಟೆಯ ಚಕ್ರಕ್ಕೆ ಹಿತ್ತಾಳೆ ಒಡ್ಡಿ ಒಡ್ಡಿ ಅವಳ ಉಗುರುಸಂದಿಯಲ್ಲಿ ಹೊಳಪಿಗೆ ಚಕ್ರಕ್ಕೆ ಹಚ್ಚುವ ಹಸಿರು ಮಸಿ ಮನೆಮಾಡಿತ್ತು. "ನೀನು ಕೈ ತೊಳೆದ್ರೆ ಸೋಪೇ ಕೊಳೆಯಾಗತ್ತೆ" ಎಂದು ಜೊತೆಯಲ್ಲಿದ್ದ ತಂಗಿ ನಗುತ್ತಿದ್ದಳು. ಕೆಲಸದಲ್ಲಿ ಅಕ್ಕನ ಕೈಯನ್ನು ಮೀರಿಸುವವರಿರಲಿಲ್ಲ. ಆದರೆ ಅವಳು ಹುಟ್ಟಾ ಪುಕ್ಕಲಿ. ಮೇಸ್ತ್ರಿ ಸುಮ್ಮನೆ ಕರೆದರೂ ಅಂಗೈ ಬೆವರುತ್ತಿತ್ತು.

ನಲವತ್ತೈದು ದಾಟಿದ ಮೇಲೆ ಅವಳಿಗೆ ನಾಣ್ಯದ ಹುಚ್ಚು ಹಿಡಿಯಿತು. ಗುಜರಿ ಹಿತ್ತಾಳೆಯ ಡಬ್ಬದಲ್ಲಿ ಸಿಕ್ಕ ಒಂದು ಹಳೇ ಬಿಲ್ಲೆಯನ್ನು ಮೇಸ್ತ್ರಿಯ ಅಪ್ಪಣೆ ಪಡೆದೇ ತಂದು, ಕಾರ್ಖಾನೆಯ ಬೀದಿಯ ವಾಚ್ ರಿಪೇರಿ ಅಜ್ಜನಿಗೆ ತೋರಿಸಿದಳು. ಅಜ್ಜ ಐವತ್ತು ವರ್ಷದಿಂದ ನಾಣ್ಯ ಕೂಡಿಸಿದವರು. ಅಂದಿನಿಂದ ಪ್ರತಿ ಭಾನುವಾರ ಅಂಗಡಿಯ ಕಿಟಕಿಯ ಬಳಿ ಪಾಠ.

"ಇದು ದಿನಬಳಕೆಗೆ ಅಂತ ಮಾಡಿದ್ದು. ಓರೆ ಮಾಡು. ಬೆಳಕು ಗಾಲಿ ಥರ ಸುತ್ತತ್ತೆ ನೋಡು" ಎನ್ನುತ್ತಿದ್ದರು ಅಜ್ಜ. "ಇದು ಮ್ಯಾಟ್, ಮೈಯೆಲ್ಲ ಬೂದಿ ಬಳಿದ ಹಾಗೆ ಮಂಕು. ಪ್ರೂಫ್ ಅಂದ್ರೆ ಬೇರೇನೇ, ಕೂಡಿಸೋರಿಗೇ ಅಂತ ಮಾಡಿದ್ದು. ಚಿತ್ರದ ಸುತ್ತಲ ಬಯಲು ಕನ್ನಡಿ, ಚಿತ್ರ ಮಾತ್ರ ಇಬ್ಬನಿ ಬಿದ್ದ ಹಾಗೆ ಬೆಳ್ಳಗೆ. ಅಚ್ಚಿಗೇ ಹೊಳಪು ಕೊಟ್ಟು ಒತ್ತಿರ್ತಾರೆ. ಆಮೇಲೆ ಉಜ್ಜಿ ಬರಿಸೋ ಹೊಳಪಲ್ಲ ಅದು."

ಒಂದು ಭಾನುವಾರ ಅಜ್ಜ ತಮ್ಮ ಜೀವದಂತಿದ್ದ ಬೆಳ್ಳಿಯ ಪ್ರೂಫ್ ನಾಣ್ಯವನ್ನು ಅವಳ ಮುಂದಿಟ್ಟರು. ಮೇಲೆ ಹಾಯಿ ಬಿಚ್ಚಿದ ಹಡಗು.

"ಒಂದು ವಾರ ಇಟ್ಕೊಂಡು ನೋಡು. ಅಂಚು ಹಿಡಿ, ಮುಖ ಮುಟ್ಟಬೇಡ."

"ಬೇಡ ಅಜ್ಜ, ನಂಗೆ ಭಯ."

"ಭಯ ಇರೋರಿಗೇ ಕೊಡ್ಬೇಕು ಇಂಥದ್ನ."

ಮರುದಿನ ಬೆಳಿಗ್ಗೆ ಕಿಟಕಿಯ ಬಿಸಿಲಿಗೆ ನಾಣ್ಯ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ಕನ್ನಡಿಯಂಥ ಬಯಲಿನ ತುಂಬ ಕೂದಲೆಳೆಯಂಥ ಗೆರೆಗಳು. ಅಚ್ಚಿನ ಗೆರೆಗಳಾಗಿದ್ದರೆ ಅಕ್ಷರದ ಬುಡಕ್ಕೆ ಬಂದು ನಿಲ್ಲಬೇಕಿತ್ತು. ಇವು ಅಕ್ಷರ ಹತ್ತಿ, ಹಡಗು ಹತ್ತಿ, ಆಚೆ ಬದಿಗೆ ಇಳಿದಿದ್ದವು. ಹಾಯಿಯ ಮೇಲೆ ಇಬ್ಬನಿಯ ಸುಳಿವೂ ಇಲ್ಲ. ಯಾರೋ ಇದನ್ನು ಉಜ್ಜಿದ್ದಾರೆ. ಊರಲ್ಲಿ ಉಜ್ಜುವವಳು ಯಾರೆಂದರೆ ಮಗುವೂ ಇವಳತ್ತ ಬೆರಳು ತೋರಿಸುತ್ತದೆ.

ಅಲ್ಲೇ ಕುಕ್ಕರಿಸಿದಳು. ಬಟ್ಟೆಯಲ್ಲಿ ಸುತ್ತಿ ತಂದದ್ದೇ ತಪ್ಪಾಯಿತೇ? ಚೀಲದಲ್ಲಿ ಅಲುಗಾಡಿತೇ? ತನಗೇ ತಿಳಿಯದೆ, ಅಭ್ಯಾಸಬಲದಿಂದ, ಸೆರಗಿನಿಂದ ಒಮ್ಮೆ ಒರೆಸಿಬಿಟ್ಟೆನೇ? ಒರೆಸಿಲ್ಲವೆಂದು ಗೊತ್ತು. ಹೊತ್ತು ಕಳೆದಂತೆ ಆ ಗೊತ್ತೂ ಸಡಿಲವಾಗತೊಡಗಿತು.

"ಬಾಯಿ ಮುಚ್ಕೊಂಡು ವಾಪಸ್ ಕೊಟ್ಬಿಡು" ಎಂದಳು ತಂಗಿ. "ಇಷ್ಟು ವರ್ಷ ಕಾಣದ್ದು ಅವ್ರಿಗೆ ಈಗೇನು ಕಾಣತ್ತೆ?"

"ಕಂಡ ದಿನ?"

ತಂಗಿ ಪಾತ್ರೆ ತೊಳೆಯಲು ಎದ್ದಳು.

ಗುರುವಾರ ಚಕ್ರದ ಮುಂದೆ ಗಮನ ತಪ್ಪಿ, ಹಿಡಿಕೆಯೊಂದು ಸಿಡಿದು ಕಿವಿಯ ಪಕ್ಕದಲ್ಲೇ ಹಾರಿ ಗೋಡೆಗೆ ಬಡಿಯಿತು. ಮೇಸ್ತ್ರಿ ಅವಳನ್ನು ಎಬ್ಬಿಸಿ ಪೊಟ್ಟಣ ಕಟ್ಟಲು ಕೂರಿಸಿದ. ಶನಿವಾರ ಸಂಜೆ, ಬರುವುದು ಬರಲಿ ಎಂದು ಅಜ್ಜನ ಅಂಗಡಿಯ ಮೆಟ್ಟಿಲು ಹತ್ತಿದಳು. ತೊದಲುತ್ತ ಗೆರೆಗಳ ವಿಷಯ ಹೇಳಿದಳು. ಅಜ್ಜ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದರು.

"ನಿನ್ನ ಕೈಗೆ ಕೊಡೋವಾಗ ಹೀಗಿರ್ಲಿಲ್ಲ."

ಅವಳು ವಾರವಿಡೀ ಹೆದರಿದ್ದ ಮಾತು ಅದೇ. ಓಡಿಹೋಗೋಣವೆನಿಸಿತು. ಆದರೂ ನಾಲಿಗೆ ಹೇಗೋ ಹೊರಳಿತು.

"ಅಕ್ಷರದ ಸಂದಿ ನೋಡಿ ಅಜ್ಜ. ಕೆಂಪು ಮಸಿ ಒಣಗಿ ಕಲ್ಲಾಗಿದೆ. ನಮ್ಮ ಕಾರ್ಖಾನೇಲಿ ಹಸಿರು ಬಿಟ್ರೆ ಬೇರೆ ಮಸಿ ಇಲ್ಲ. ಒಂದು ವಾರಕ್ಕೆ ಯಾವ್ದೂ ಹಾಗೆ ಕಚ್ಕೊಳಲ್ಲ."

ಅಜ್ಜ ಮುಖವೆತ್ತಲಿಲ್ಲ. "ಈಗ ಹೋಗು" ಎಂದರು.

ಎರಡು ದಿನ ಅಜ್ಜನ ಅಂಗಡಿ ತಪ್ಪಿಸಿ, ಬೀದಿ ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋದಳು. ಮಂಗಳವಾರ ಊಟದ ಹೊತ್ತಿಗೆ ಕಾವಲುಗಾರ ಬಂದು, "ಗೇಟಲ್ಲಿ ನಿಮ್ಮನ್ನ ಕೇಳ್ತಿದಾರೆ" ಎಂದ. ಪೊಲೀಸರೇ ಇರಬೇಕೆಂದು ಗೋಡೆ ಹಿಡಿದು ನಡೆದಳು. ಗೇಟಿನಲ್ಲಿದ್ದದ್ದು ಅಜ್ಜ, ಒಬ್ಬರೇ.

"ಆ ಕೆಂಪು ನಂದೇ ಕಣಮ್ಮ" ಎಂದರು. "ವಾಚಿನ ಕವಚ ಉಜ್ಜೋ ಕೆಂಪು. ಮದುವೆಯಾದ ಹೊಸದ್ರಲ್ಲಿ ಹೆಂಡತಿ ಮುಂದೆ ಜಂಬ ಮಾಡಕ್ಕೆ ಹೋಗಿ, ನಾನೇ ಫಳಫಳ ಅನ್ನಿಸಿದ್ದೆ. ಹತ್ತು ವರ್ಷದ ಮೇಲೆ ಯಾರೋ ನೋಡಿ ಪ್ರೂಫ್ ಅಂದ್ರು. ಹೌದು ಅಂದೆ. ಅಂದೂ ಅಂದೂ ನಾನೇ ನಂಬಿಬಿಟ್ಟೆ." ಅವಳ ಹಸಿರು ಉಗುರು ನೋಡುತ್ತ, "ನಿನ್ನ ಮೇಲೆ ಹಾಕ್ದೆ. ತಪ್ಪು" ಎಂದರು.

"ಊಟ ಆಯ್ತಾ ಅಜ್ಜ?" ಎಂದಳು. ಒಳಗೆ ಹೋದ ಮೇಲೆ ಅಳು ಬಂತು.

ಭಾನುವಾರದ ಪಾಠಕ್ಕೆ ಅವಳು ಮತ್ತೆ ಹೋದದ್ದು ಒಂದು ತಿಂಗಳ ಮೇಲೆ. ಮುಂದೆ ಅಜ್ಜ ಅನುಮಾನದ ನಾಣ್ಯಗಳನ್ನೆಲ್ಲ ಮೊದಲು ಅವಳಿಗೇ ತೋರಿಸುತ್ತಿದ್ದರು. ಆದರೆ ಮನೆಗೊಯ್ಯಲು ಅವಳು ಒಂದನ್ನೂ ಒಪ್ಪಲಿಲ್ಲ. ಎರಡು ವರ್ಷ ಕೂಡಿಟ್ಟು, ಗಾಜಿನ ಡಬ್ಬಿಯಲ್ಲಿ ಮೊಹರು ಮಾಡಿದ ನಿಜವಾದ ಪ್ರೂಫ್ ಒಂದನ್ನು ತಾನೇ ಕೊಂಡಳು. ಅದನ್ನು ಬೀರುವಿನಲ್ಲಿಟ್ಟ ಮೂರನೇ ದಿನ, ಒದ್ದೆ ಬಟ್ಟೆ ಹಿಡಿದು ಧೂಳು ಒರೆಸುತ್ತಿದ್ದ ತಂಗಿ ಡಬ್ಬಿಗೆ ಕೈ ಚಾಚಿದ್ದನ್ನು ಕಂಡು, ಪಾಲಿಶ್ ಅಕ್ಕ ಅಡುಗೆಮನೆಯಿಂದ ಸೌಟಿನ ಸಮೇತ ಓಡಿಬಂದಳು.